ಹೆಸರಿಲ್ಲದ ಮಳೆಗೂ ಒಂದು ಚೌಕಟ್ಟು ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಒಳಪುಟದಲ್ಲಿ ದಿನಾ ಒಂದು ಸಣ್ಣ ಚೌಕಟ್ಟು ಬರುತ್ತದೆ. ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1633 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ನಾಲ್ಕೇ ಸಾಲು. ನಮ್ಮ ಗಂಗಾವತಿಯಲ್ಲಿ ಪೇಪರ್ ಕೈಗೆ ಬಂದ ಕೂಡಲೇ ಜನ ಮೊದಲು ಹುಡುಕುವುದು ಅದನ್ನೇ. ಮುಖಪುಟ ಆಮೇಲೆ. ಈ ಆಗಸ್ಟ್ 10ರ ರಾತ್ರಿ ಚೈನ್ ಕಡಿದು ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋಯಿತಲ್ಲ, ಆ ವಾರ ನಮ್ಮ ಓಣಿಯಲ್ಲಿ ಹೂ ಮಾರುವ ಹೆಣ್ಣುಮಗಳು ಕೂಡ ನದಿಗೆ ಎಷ್ಟು ಕ್ಯುಸೆಕ್ ಹೋಗುತ್ತಿದೆ ಎಂದು ಲೆಕ್ಕ ಹೇಳುತ್ತಿದ್ದಳು. ಅಂಕಿ ಕಂಡರೆ ಹೆದರುವ ಜನ ನಾವಲ್ಲ. ಈಗ ನಾನು ಕೇಳುತ್ತಿರುವುದು ಅಂಥದ್ದೇ ಇನ್ನೊಂದು ಚೌಕಟ್ಟು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ದೂರದಿಂದ, ಅಂದರೆ ಅಮೆರಿಕದಿಂದ ಬರಬೇಕು. ತಾಳ್ಮೆ ಇರಲಿ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಕಾರಟಗಿ ರಸ್ತೆಯಲ್ಲಿ ನಾಲ್ಕು ಎಕರೆ ಗದ್ದೆ ಇದೆ. ಮಗಳು, ಅಳಿಯ ಫ್ಲೋರಿಡಾದ ಟ್ಯಾಂಪಾ ಪಕ್ಕದ ಬ್ರ್ಯಾಂಡನ್‌ನಲ್ಲಿ ಇದ್ದಾರೆ. ಅಕ್ಟೋಬರ್ 6ರ ಭಾನುವಾರ ಬೆಳಿಗ್ಗೆ ಮಗಳು ಫೋನ್ ಮಾಡಿ, "ಅಮ್ಮಾ, ಇನ್ನೊಂದು ಹುಟ್ಟಿದೆ, ಮಿಲ್ಟನ್ ಅಂತ ಹೆಸರಿಟ್ಟಿದ್ದಾರೆ" ಅಂದಳು. ಇನ್ನೊಂದು ಎಂದಿದ್ದು ಯಾಕೆಂದರೆ ಸೆಪ್ಟೆಂಬರ್ 26ರ ರಾತ್ರಿಯಷ್ಟೇ ಹೆಲೀನ್ ಎಂಬ ಹರಿಕೇನ್ ಫ್ಲೋರಿಡಾಕ್ಕೆ ಬಡಿದಿತ್ತು. ನಾವು ಚಂಡಮಾರುತ ಎನ್ನುವುದಕ್ಕೇ ಅವರು ಹರಿಕೇನ್ ಎನ್ನುವುದು. ಅದು ದಡ ಸೇರಿದ್ದು ಟ್ಯಾಂಪಾದಿಂದ ಬಹಳ ಉತ್ತರಕ್ಕೆ. ಆದರೂ ಸಮುದ್ರದ ನೀರು ಟ್ಯಾಂಪಾ ಕೊಲ್ಲಿಯ ಸುತ್ತಲಿನ ಮನೆಗಳಿಗೆ ನುಗ್ಗಿತ್ತು. ನೆನೆದ ಸೋಫಾ, ಗಾದಿ, ಫ್ರಿಜ್ ಎಲ್ಲ ಇನ್ನೂ ರಸ್ತೆ ಬದಿಯಲ್ಲೇ ಬಿದ್ದಿದ್ದವು. ಗಾಳಿ ಬಂದರೆ ಅವೇ ಹಾರಿ ಬರುತ್ತವೆ ಎನ್ನುವುದು ಅವಳ ಚಿಂತೆ.

ನನಗೆ ಚಿಂತೆಯಾದರೆ ಕೈ ಸುಮ್ನೆ ಕೂರುವುದಿಲ್ಲ. ಟ್ರಂಕಿನಿಂದ ಹಳೆಯ ಗ್ರಾಫ್ ಹಾಳೆ ತೆಗೆದೆ. ಅಟ್ಲಾಸ್ ಮುಂದಿಟ್ಟುಕೊಂಡು ಮೆಕ್ಸಿಕೊ ಕೊಲ್ಲಿಯ ದಂಡೆ ಬರೆದೆ. ಒಂದು ಸೆಂಟಿಮೀಟರಿಗೆ ಒಂದು ಡಿಗ್ರಿ. ಮಯಾಮಿಯಲ್ಲಿ ರಾಷ್ಟ್ರೀಯ ಹರಿಕೇನ್ ಕೇಂದ್ರ ಅಂತ ಇದೆ. ಅವರು ಆರು ಗಂಟೆಗೊಮ್ಮೆ ಬುಲೆಟಿನ್ ಕೊಡುತ್ತಾರೆ. ದಡಕ್ಕೆ ಎಚ್ಚರಿಕೆ ಕೊಟ್ಟ ಮೇಲೆ ನಡುವೆ ಮೂರು ಗಂಟೆಗೊಂದು. ಅಲ್ಲಿಯ ಐದು, ಹನ್ನೊಂದು, ಐದು, ಹನ್ನೊಂದು ಗಂಟೆ ಎಂದರೆ ನಮಗೆ ಮಧ್ಯಾಹ್ನ ಎರಡೂವರೆ, ರಾತ್ರಿ ಎಂಟೂವರೆ, ನಡುರಾತ್ರಿ ಎರಡೂವರೆ, ಬೆಳಿಗ್ಗೆ ಎಂಟೂವರೆ. ನವರಾತ್ರಿ ನಡೆದಿತ್ತು. ಮನೆಯಲ್ಲಿ ಘಟ್ಟದ ದೀಪ ಇತ್ತು, ಒಂಬತ್ತು ದಿನ ಆರಬಾರದು. ನಡುರಾತ್ರಿ ಎದ್ದು ದೀಪಕ್ಕೆ ಎಣ್ಣೆ ಹಾಕುವುದು, ಹಾಗೇ ಫೋನ್ ತೆಗೆದು ಹಾಳೆಯ ಮೇಲೆ ಚುಕ್ಕಿ ಇಡುವುದು. ನಮ್ಮ ಮನೆಯವರು ಮೊದಲ ದಿನ ನಕ್ಕರು. ಮೂರನೇ ದಿನ ಸ್ಕೇಲ್ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

ಆ ಬುಲೆಟಿನ್ ನೋಡಿ ನನಗೆ ನಮ್ಮ ಡ್ಯಾಮಿನ ಚೌಕಟ್ಟೇ ನೆನಪಾಯಿತು. ಈಗ ಎಲ್ಲಿದೆ, ಯಾವ ಊರಿನಿಂದ ಎಷ್ಟು ದೂರ, ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಹೊರಟಿದೆ, ಗಾಳಿ ಎಷ್ಟು, ಒತ್ತಡ ಎಷ್ಟು. ಮೊದಲಿಗೆ ಐದು ಸಾಲು. ವಿವರ ಆಮೇಲೆ.

ಮೊದಲ ಚುಕ್ಕಿಗಳು ಬಿದ್ದದ್ದು 22 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ, ಮೆಕ್ಸಿಕೊ ದಂಡೆಯ ಪಕ್ಕ. ಅಲ್ಲಿಂದ ಅದು ಪೂರ್ವಕ್ಕೆ ಹೊರಟಿತು. ಇದೇ ವಿಚಿತ್ರ. ಆ ಕಡೆಯ ಹರಿಕೇನ್‌ಗಳು ಸಾಮಾನ್ಯವಾಗಿ ಪಶ್ಚಿಮಕ್ಕೆ ಹೋಗುತ್ತವೆ, ಆಮೇಲೆ ಉತ್ತರಕ್ಕೆ ತಿರುಗುತ್ತವೆ. ಇದು ಕೊಲ್ಲಿಯನ್ನು ಎಡದಿಂದ ಬಲಕ್ಕೆ ದಾಟಿ ನೇರ ನನ್ನ ಮಗಳ ಊರಿನ ಕಡೆ ಮುಖ ಮಾಡಿತ್ತು.

ಗಾಳಿಯ ವೇಗ ನೋಡಿ ಹರಿಕೇನ್‌ಗೆ ಒಂದರಿಂದ ಐದರವರೆಗೆ ವರ್ಗ ಕೊಡುತ್ತಾರೆ. ಭಾನುವಾರ ರಾತ್ರಿ ಮಲಗುವ ಹೊತ್ತಿಗೆ ಅದು ಒಂದನೇ ವರ್ಗದ ಹರಿಕೇನ್. ಸೋಮವಾರ ರಾತ್ರಿ ಊಟ ಮುಗಿಯುವ ಹೊತ್ತಿಗೆ ಐದನೇ ವರ್ಗ. ಐದರ ಮೇಲೆ ವರ್ಗವೇ ಇಲ್ಲ. 24 ಗಂಟೆಯಲ್ಲಿ ಗಾಳಿ ಗಂಟೆಗೆ 35 ಮೈಲಿ ಏರಿದರೆ ಸಾಕು, ಅದನ್ನು ಅವರು ಕ್ಷಿಪ್ರ ಏರಿಕೆ ಎನ್ನುತ್ತಾರೆ. ಮಿಲ್ಟನ್ ಏರಿದ್ದು 90 ಮೈಲಿಗೂ ಜಾಸ್ತಿ. ಮಂಗಳವಾರ ಬೆಳಗಿನ ಜಾವದ ಬುಲೆಟಿನ್ನಿನಲ್ಲಿ ಗಾಳಿ ಗಂಟೆಗೆ 180 ಮೈಲಿ, ಅಂದರೆ ಸುಮಾರು 290 ಕಿ.ಮೀ. ಒತ್ತಡ 897 ಮಿಲಿಬಾರ್. ಮಾಮೂಲಿ ದಿನ ಸಮುದ್ರದ ಮೇಲೆ 1010ರ ಆಸುಪಾಸು ಇರುತ್ತದೆ. ನಡುವಿನ ಒತ್ತಡ ಇಳಿದಷ್ಟೂ ಗಾಳಿ ಜೋರು. ನನ್ನ ಗ್ರಾಫಿನ ಇನ್ನೊಂದು ಮೂಲೆಯಲ್ಲಿ ಒತ್ತಡದ ರೇಖೆ ಹಾಕುತ್ತಿದ್ದೆ. ಅದು ಬಾವಿಗೆ ಬಿಟ್ಟ ಹಗ್ಗದ ಹಾಗೆ ನೆಟ್ಟಗೆ ಕೆಳಗಿಳಿದು ಹಾಳೆಯ ಅಂಚಿನಿಂದ ಹೊರಗೆ ಹೋಯಿತು. ಇನ್ನೊಂದು ಹಾಳೆ ಅಂಟಿಸಬೇಕಾಯಿತು.

ಮಯಾಮಿಯ ಟಿವಿಯಲ್ಲಿ ಜಾನ್ ಮೊರಾಲೆಸ್ ಎಂಬ ಹಿರಿಯ ಹವಾಮಾನ ತಜ್ಞರಿದ್ದಾರೆ. ಹತ್ತು ಗಂಟೆಯಲ್ಲಿ 50 ಮಿಲಿಬಾರ್ ಇಳಿದಿದೆ ಎಂದು ಹೇಳುವಾಗ ಅವರ ಗಂಟಲು ಕಟ್ಟಿತು. ಮಗಳು ಆ ವಿಡಿಯೊ ಕಳಿಸಿದ್ದಳು. ಒಂದು ಅಂಕಿ ಓದಿ ಅಳುವ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಶಾಲೆಯಲ್ಲಿ ಹುಡುಗರು ಅಳುತ್ತಿದ್ದರು, ಆದರೆ ಅದು ಅಂಕಿಗಲ್ಲ, ಅಂಕಕ್ಕೆ.

ಇಷ್ಟು ಬೇಗ ಯಾಕೆ ಬಲಿಯಿತು? ನಮ್ಮ ಊರಿನ ಅಕ್ಕಿ ಗಿರಣಿಯ ಚಿಮಣಿ ನೆನಪು ಮಾಡಿಕೊಳ್ಳಿ. ಕೆಳಗೆ ಉರಿ ಜೋರಾಗಿರಬೇಕು, ಚಿಮಣಿ ನೆಟ್ಟಗಿರಬೇಕು. ಆಗ ಎಳೆತ ಚೆನ್ನಾಗಿರುತ್ತದೆ. ಕೊಲ್ಲಿಯ ನೀರು 30 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ಅದು ಉರಿ. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಜಗಳ ಇರಲಿಲ್ಲ. ಹಾಗಾಗಿ ಮೋಡದ ಚಿಮಣಿ ವಾಲದೆ ನೆಟ್ಟಗೆ ನಿಂತಿತು. ಆವಿ ಮೇಲೇರಿ ನೀರಾಗುವಾಗ ಬಿಡುವ ಶಾಖವೇ ಮತ್ತೆ ಉರಿಗೆ ಸೌದೆ. ಮಿಲ್ಟನ್‌ನ ಕಣ್ಣು, ಅಂದರೆ ಸುಳಿಯ ನಡುವಿನ ಶಾಂತ ಜಾಗ, ಕುಗ್ಗಿ ಕುಗ್ಗಿ ನಾಲ್ಕು ಮೈಲಿ ಅಗಲಕ್ಕೆ ಬಂದಿತ್ತು. ಗಂಗಾವತಿಯಿಂದ ಆನೆಗೊಂದಿಯಷ್ಟು ದೂರ ಕೂಡ ಇಲ್ಲ. ಅಷ್ಟು ಸಣ್ಣ ಕಣ್ಣಿನ ಸುತ್ತ ಅಷ್ಟು ಗಾಳಿ.

ಆ ಕಣ್ಣಿನೊಳಗೆ ವಿಮಾನ ಹಾರಿಸುವ ಜನ ಇದ್ದಾರೆ. ಹರಿಕೇನ್ ಬೇಟೆಗಾರರು ಎನ್ನುತ್ತಾರೆ. ಅವರು ಮೇಲಿನಿಂದ ಕೊಳವೆಯಂಥ ಒಂದು ಉಪಕರಣ ಬೀಳಿಸುತ್ತಾರೆ. ಅದು ಸಮುದ್ರ ಮುಟ್ಟುವವರೆಗೂ ಒತ್ತಡ, ಗಾಳಿ, ತೇವ ಎಲ್ಲ ಅಳೆದು ವಿಮಾನಕ್ಕೆ ಕಳಿಸುತ್ತದೆ. ನನ್ನ ಚುಕ್ಕಿಗಳ ಹಿಂದೆ ಆ ಕೊಳವೆಗಳಿದ್ದವು. ಅಕ್ಟೋಬರ್ 8ರ ಹಾರಾಟದಲ್ಲಿ ಅವರು ಇನ್ನೊಂದನ್ನೂ ಕಣ್ಣಿನೊಳಗೆ ಬಿಟ್ಟರು. ಪೀಟರ್ ಡಾಜ್ ಎಂಬ ವಿಜ್ಞಾನಿಯ ಚಿತಾಭಸ್ಮ. 386 ಸಲ ಹರಿಕೇನ್ ಕಣ್ಣಿನೊಳಗೆ ಹೋಗಿ ಬಂದು 2023ರಲ್ಲಿ ತೀರಿಕೊಂಡಿದ್ದರು. ಹಾರಾಟದ ದಾಖಲೆಯಲ್ಲಿ ಇದನ್ನು ಅವರ 387ನೇ ಪ್ರವೇಶ ಎಂದು ಬರೆದರು. ನಾವು ಅಸ್ಥಿ ತೆಗೆದುಕೊಂಡು ಹಂಪಿ ಹೊಳೆಗೆ ಹೋಗುವುದಿಲ್ಲವೇ, ಹಾಗೆ.

ಮಂಗಳವಾರ ಅದು ನಾಲ್ಕಕ್ಕೆ ಇಳಿದು ಮತ್ತೆ ಐದಕ್ಕೆ ಏರಿತು. ಬುಧವಾರ ಇಳಿಯುತ್ತಾ ಮೂರಕ್ಕೆ ಬಂತು. ಬಲ ಕಡಿಮೆಯಾಯಿತು, ಆದರೆ ಮೈ ಹರಡಿಕೊಂಡಿತು. ಅಳಿಯನ ಆಫೀಸಿನ ಒಂದು ಕುಟುಂಬ ಸಮುದ್ರದ ಹತ್ತಿರದ ತೆರವು ವಲಯದಿಂದ ಇವರ ಮನೆಗೆ ಬಂದಿತ್ತು. ಇವರ ಬೀದಿ ಯಾವ ವಲಯದಲ್ಲೂ ಇರಲಿಲ್ಲ. ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿಕೊಂಡರು. ಕಿಟಕಿಗೆ ಪ್ಲೈವುಡ್ ಹೊಡೆದರು. ಮಗಳು ಚಪಾತಿ ಮಾಡಿಟ್ಟಳು, ಮೂವತ್ತಾರು ಅಂತ ಎಣಿಸಿ ಹೇಳಿದಳು. ಅವಳಿಗೂ ನನ್ನದೇ ರೋಗ.

ದಡ ಮುಟ್ಟಿದ್ದು ಅಲ್ಲಿಯ ಅಕ್ಟೋಬರ್ 9ರ ರಾತ್ರಿ ಎಂಟೂವರೆಗೆ. ನಮಗೆ ಹತ್ತನೇ ತಾರೀಖು ಗುರುವಾರ ಬೆಳಿಗ್ಗೆ ಆರು ಗಂಟೆ. ಊರಿನ ಹೆಸರು ಸಿಯೆಸ್ಟಾ ಕೀ. ಟ್ಯಾಂಪಾದಿಂದ 70–80 ಕಿ.ಮೀ. ದಕ್ಷಿಣಕ್ಕೆ. ಈ 70–80 ಕಿ.ಮೀ.ಯಲ್ಲೇ ಎಲ್ಲ ಇತ್ತು. ನಮ್ಮ ಅರ್ಧಗೋಳದಲ್ಲಿ ಚಂಡಮಾರುತ ಗಡಿಯಾರಕ್ಕೆ ಎದುರು ಸುತ್ತುತ್ತದೆ. ಗುಡಿಯಲ್ಲಿ ನಾವು ಸುತ್ತುವುದಕ್ಕೆ ಉಲ್ಟಾ, ಅಪ್ರದಕ್ಷಿಣೆ. ಹಾಗಾಗಿ ಕಣ್ಣು ಟ್ಯಾಂಪಾದ ಉತ್ತರಕ್ಕೆ ಹಾದಿದ್ದರೆ ಗಾಳಿ ಸಮುದ್ರವನ್ನು ಊರೊಳಗೆ ನೂಕುತ್ತಿತ್ತು. ದಕ್ಷಿಣಕ್ಕೆ ಹಾದಿದ್ದರಿಂದ ಗಾಳಿ ನೆಲದ ಕಡೆಯಿಂದ ಬೀಸಿ ಕೊಲ್ಲಿಯ ನೀರನ್ನೇ ಹೊರಗೆ ತಳ್ಳಿತು. ಟ್ಯಾಂಪಾ ಕೊಲ್ಲಿಯ ಅಂಚಿನಲ್ಲಿ ತಳ ಕಂಡಿತು. ಆದರೆ ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಜಾಸ್ತಿ ಮಳೆ. ನಮ್ಮ ಕೊಪ್ಪಳ ಜಿಲ್ಲೆಗೆ ವರ್ಷವಿಡೀ ಬೀಳುವುದರ ಹೆಚ್ಚು ಕಮ್ಮಿ ಮುಕ್ಕಾಲು ಪಾಲು. ಅಲ್ಲಿಯ ದೊಡ್ಡ ಬೇಸ್‌ಬಾಲ್ ಕ್ರೀಡಾಂಗಣದ ಚಾವಣಿ ಹರಿದು ಚಿಂದಿಯಾಯಿತು. ಇನ್ನೊಂದು ಕಡೆ, ರಾಜ್ಯದ ಪೂರ್ವ ದಂಡೆಯ ಸೇಂಟ್ ಲೂಸಿ ಕೌಂಟಿಯಲ್ಲಿ, ಕಣ್ಣು ದಡ ಮುಟ್ಟುವ ಮೊದಲೇ ಸುಂಟರಗಾಳಿ ಎದ್ದು ಜನ ಸತ್ತರು. ಚುಕ್ಕಿ ಒಂದು ಕಡೆ, ಸಾವು ಇನ್ನೊಂದು ಕಡೆ.

ಮಗಳ ಫೋನ್ ನಾಟ್ ರೀಚಬಲ್. ಆ ಬೆಳಿಗ್ಗೆ ನಾನು ಟಿವಿ ಹಾಕಿದೆ. ಹಿಂದಿನ ರಾತ್ರಿ ರತನ್ ಟಾಟಾ ತೀರಿಕೊಂಡಿದ್ದರು, ಎಲ್ಲ ಚಾನೆಲ್‌ಗಳಲ್ಲೂ ಅದೇ. ಅದು ಸರಿಯೇ, ದೊಡ್ಡ ಮನುಷ್ಯರು. ನನಗೆ ಬೇಜಾರಾದದ್ದು ಅದರ ಹಿಂದಿನ ಎರಡು ದಿನಕ್ಕೆ. ಒಂದು ಚಾನೆಲ್ ಮಂಗಳವಾರವೇ ಫ್ಲೋರಿಡಾ ಮುಳುಗಿತು ಎಂದು ಕೂಗುತ್ತಿತ್ತು. ಆಗ ಮಿಲ್ಟನ್ ಇನ್ನೂ ಮೆಕ್ಸಿಕೊದ ಯುಕಟಾನ್ ಹತ್ತಿರ ಸಮುದ್ರದಲ್ಲೇ ಇತ್ತು. ತೋರಿಸಿದ್ದು ಯಾವುದೋ ಹಳೆಯ ಪ್ರವಾಹದ ವಿಡಿಯೊ. ನಿಮ್ಮ ಪತ್ರಿಕೆಯೂ, ತಪ್ಪು ತಿಳಿಯಬೇಡಿ, ರಕ್ಕಸ ಅಂತ ಬರೆಯಿತು, ರಣಭೀಕರ ಅಂತ ಬರೆಯಿತು. ಎಲ್ಲಿದೆ, ಎಷ್ಟು ದೂರ, ಯಾವಾಗ ಮುಟ್ಟುತ್ತದೆ ಅಂತ ಬರೆಯಲಿಲ್ಲ. ಟ್ಯಾಂಪಾದಲ್ಲಿ ಮಕ್ಕಳಿರುವ ತಂದೆತಾಯಿ ರಾಯಚೂರಿನಲ್ಲಿಲ್ಲವೇ, ಬಳ್ಳಾರಿಯಲ್ಲಿಲ್ಲವೇ? ರಕ್ಕಸ ಎಂದರೆ ಅವರು ಹೆದರುತ್ತಾರೆ ಅಷ್ಟೆ. ಗುರುವಾರ ಬೆಳಿಗ್ಗೆ ಆರಕ್ಕೆ ಎಂದರೆ ಬುಧವಾರವೇ ಮಾತಾಡಿ ಮುಗಿಸುತ್ತಾರೆ.

ಶುಕ್ರವಾರ ಬೆಳಿಗ್ಗೆ ಮಗಳ ಮೆಸೇಜು ಬಂತು. ಹಿತ್ತಲಿನ ಬೇಲಿ ಬಿದ್ದಿದೆ, ಕರೆಂಟಿಲ್ಲ, ಎಲ್ಲರೂ ಚೆನ್ನಾಗಿದ್ದೇವೆ. ಫ್ಲೋರಿಡಾದಲ್ಲಿ 30 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟ್ ಹೋಗಿತ್ತು. ಇವರಿಗೆ ಬರಲು ನಾಲ್ಕು ದಿನ ಹಿಡಿಯಿತು. ಚಪಾತಿ ಮೂರನೇ ದಿನಕ್ಕೆ ಮುಗಿದವಂತೆ.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಬನ್ನಿ ಹಬ್ಬ ಮುಗಿದು ಐದು ದಿನಕ್ಕೆ, ಅಕ್ಟೋಬರ್ 17ರ ಬೆಳಗಿನ ಜಾವ, ನಮ್ಮದೇ ಬಂಗಾಳ ಕೊಲ್ಲಿಯಿಂದ ಒಂದು ವಾಯುಭಾರ ಕುಸಿತ ಚೆನ್ನೈ ಹತ್ತಿರ ದಡ ದಾಟಿತು. ಅದಕ್ಕೆ ಹೆಸರಿರಲಿಲ್ಲ. ನಮ್ಮಲ್ಲಿ ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿ ಚಂಡಮಾರುತ ಅನ್ನಿಸಿಕೊಂಡ ಮೇಲೇ ಹೆಸರು. ಹದಿಮೂರು ದೇಶಗಳು ಸೇರಿ ಮಾಡಿದ ಪಟ್ಟಿಯಿಂದ ಸರದಿಯ ಪ್ರಕಾರ ಬರುತ್ತದೆ. ಅದಕ್ಕಿಂತ ಕೆಳಗಿನದು ಬರೀ ವಾಯುಭಾರ ಕುಸಿತ, ಇನ್ನೂ ಕೆಳಗಿನದು ಕಡಿಮೆ ಒತ್ತಡದ ಪ್ರದೇಶ. ಆಮೇಲಿನ ವಾರ ಬಂದದ್ದಕ್ಕೆ ಹೆಸರಿತ್ತು, ದಾನಾ. ಹೆಸರು ಕೊಟ್ಟಿದ್ದು ಕತಾರ್. ಅದು ಅಕ್ಟೋಬರ್ 24ರ ನಡುರಾತ್ರಿಯ ಹೊತ್ತಿಗೆ ಒಡಿಶಾದ ಭಿತರ್‌ಕನಿಕಾ, ಧಾಮರಾ ನಡುವೆ ದಾಟಿತು. ಟಿವಿಯವರು ಮೂರು ದಿನ ದಾನಾ ದಾನಾ ಅಂದರು. ಹೆಸರಿಲ್ಲದ್ದನ್ನು ಯಾರು ಕೂಗುತ್ತಾರೆ?

ನಮ್ಮ ಕಡೆಯ ರೈತರಿಗೆ ಪೆಟ್ಟು ಬೀಳುವುದು ಹೆಸರಿಲ್ಲದ್ದರಿಂದ. ಸಮುದ್ರ ನಮಗೆ ದೂರ. ಗಾಳಿ ಇಲ್ಲಿಗೆ ಬರುವಷ್ಟರಲ್ಲಿ ಸತ್ತಿರುತ್ತದೆ. ಮಳೆ ಸಾಯುವುದಿಲ್ಲ. ಹೆಲೀನ್ ಕೂಡ ಹಾಗೇ ಮಾಡಿತು. ದಡದಿಂದ ನೂರಾರು ಮೈಲಿ ಒಳಗೆ, ಉತ್ತರ ಕೆರೊಲಿನಾದ ಗುಡ್ಡಗಾಡಿನಲ್ಲಿ, ಆಶ್‌ವಿಲ್ ಸುತ್ತಮುತ್ತ ಊರುಗಳನ್ನು ಹೊಳೆಗಳು ಹೊತ್ತುಕೊಂಡು ಹೋದವು. ಒಂದು, ಎರಡು, ಮೂರು ಎನ್ನುವ ಆ ವರ್ಗಗಳು ಅಳೆಯುವುದು ಗಾಳಿಯನ್ನು ಮಾತ್ರ. ಮಳೆ ಎಷ್ಟು ಅಂತ ಅವು ಹೇಳುವುದೇ ಇಲ್ಲ.

ಕೆಲವು ವರ್ಷದ ಹಿಂದೆ, ನವೆಂಬರ್ ಕೊನೆ. ಸೋನಾ ಕೊಯ್ಲಿಗೆ ಬಂದಿತ್ತು. ಮಷೀನ್ ಬುಕ್ ಮಾಡಿದ್ದು ಸೋಮವಾರಕ್ಕೆ. ಶುಕ್ರವಾರ ಕ್ಯಾಂಪಿನ ರೈತರೊಬ್ಬರು ಮನೆ ಮುಂದೆ ಬೈಕ್ ನಿಲ್ಲಿಸಿ, "ಟೀಚರಮ್ಮಾ, ತುಫಾನು ಬರ್ತಾ ಇದೆಯಂತೆ, ಭೀಮವರಂನಿಂದ ಫೋನ್ ಬಂತು, ಇವತ್ತೇ ಕೊಯ್ಸಿ" ಅಂದರು. ನಮ್ಮಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಬಹಳ. ಅವರಿಗೆ ಕರಾವಳಿಯ ನೆಂಟರೇ ಹವಾಮಾನ ಇಲಾಖೆ. ನಾನು ಪೇಪರ್ ನೋಡಿದೆ, ಟಿವಿ ನೋಡಿದೆ. ಮೋಡ ಕವಿದ ವಾತಾವರಣ, ಅಲ್ಲಲ್ಲಿ ಹಗುರ ಮಳೆ ಸಾಧ್ಯತೆ ಅಂತ ಇತ್ತು. ಅಲ್ಲಲ್ಲಿ ಎಂದರೆ ಎಲ್ಲಿ? ಸೋಮವಾರಕ್ಕೇ ಇರಲಿ ಅಂದುಕೊಂಡೆ. ಶನಿವಾರ ರಾತ್ರಿ ಶುರುವಾದದ್ದು ಸೋಮವಾರದ ತನಕ ಬಿಡಲಿಲ್ಲ. ಎರಡು ಎಕರೆ ಭತ್ತ ಮಲಗಿಬಿಟ್ಟಿತು. ಗದ್ದೆಯಲ್ಲಿ ನೀರು, ಟೈರಿನ ಮಷೀನ್ ಇಳಿಯುವುದಿಲ್ಲ. ಚೈನ್ ಮಷೀನಿಗೆ ಎಲ್ಲರೂ ಒಟ್ಟಿಗೇ ಓಡಿದರು, ಬಾಡಿಗೆ ಒಂದೂವರೆ ಪಟ್ಟಾಯಿತು. ತೆನೆಯಲ್ಲೇ ಮೊಳಕೆ ಬಂದ ಕಾಳನ್ನು ವ್ಯಾಪಾರಿ ಅಂಗೈಯಲ್ಲಿಟ್ಟು ಊದಿ ನೋಡಿ, ಏನೂ ಹೇಳದೆ ವಾಪಸ್ ಹಾಕಿದರು. ಆ ಮಳೆಗೆ ಹೆಸರಿರಲಿಲ್ಲ. ಮೂವತ್ತೊಂದು ವರ್ಷ ಗ್ರಾಫ್ ಕಲಿಸಿದವಳು ನಾನು, ಒಂದು ಚುಕ್ಕಿ ಇಟ್ಟು ನೋಡಲಿಲ್ಲ.

ದಿಲ್ಲಿಯ ಹವಾಮಾನ ಇಲಾಖೆ ಕೆಲಸ ಮಾಡುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. 1999ರ ಒಡಿಶಾ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಅದೇ ರಾಜ್ಯದ ಗೋಪಾಲಪುರದ ಹತ್ತಿರ ಬಡಿದಾಗ ಸತ್ತವರು ನೂರರೊಳಗೆ. ಮುಂಚೆಯೇ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರು. ಅವರ ಬುಲೆಟಿನ್ನಿನಲ್ಲೂ ಮಯಾಮಿಯವರ ಹಾಗೇ ಅಕ್ಷಾಂಶ, ರೇಖಾಂಶ, ದೂರ, ದಿಕ್ಕು, ವೇಗ ಎಲ್ಲ ಇರುತ್ತದೆ. ಕುಸಿತಕ್ಕೂ ಇರುತ್ತದೆ, ಹೆಸರು ಬರುವವರೆಗೆ ಅವರು ಕಾಯುವುದಿಲ್ಲ. ಅದು ನಮ್ಮ ಕಾರಟಗಿಗೆ, ಸಿಂಧನೂರಿಗೆ, ಸಿರುಗುಪ್ಪಕ್ಕೆ ಕನ್ನಡದಲ್ಲಿ ಬರುವಷ್ಟರಲ್ಲಿ ಅಂಕಿಗಳೆಲ್ಲ ಉದುರಿ ಅಲ್ಲಲ್ಲಿ ಎಂಬ ಒಂದು ಪದ ಉಳಿದಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ. ಅಕ್ಟೋಬರ್‌ನಿಂದ ಡಿಸೆಂಬರ್ ಕೊನೆಯ ತನಕ, ಬಂಗಾಳ ಕೊಲ್ಲಿಯಲ್ಲಿ ಏನೇ ಹುಟ್ಟಲಿ, ಹೆಸರಿರಲಿ ಬಿಡಲಿ, ಡ್ಯಾಮಿನ ಚೌಕಟ್ಟಿನ ಪಕ್ಕ ಅಷ್ಟೇ ಅಗಲದ ಇನ್ನೊಂದು ಚೌಕಟ್ಟು ಹಾಕಿ. ನಿನ್ನೆ ರಾತ್ರಿ ಎಲ್ಲಿತ್ತು, ಆಂಧ್ರ ಕರಾವಳಿಯ ಬಾಪಟ್ಲಾಕ್ಕೋ ನೆಲ್ಲೂರಿಗೋ ಎಷ್ಟು ದೂರ, ಯಾವ ಕಡೆ ಹೊರಟಿದೆ, ಯಾವ ದಿನ ದಡ ಮುಟ್ಟಬಹುದು, ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಮಳೆ. ಸಾಧ್ಯವಾದರೆ ಬೆರಳಗಲದ ನಕ್ಷೆ. ಅದರಲ್ಲಿ ಮುಂದಿನ ದಾರಿಯನ್ನು ಒಂದೇ ಗೆರೆಯಾಗಿ ಹಾಕಬೇಡಿ. ಮುಂದೆ ಹೋದಂತೆ ಅಗಲವಾಗುವ ಕಹಳೆಯಂತೆ ಹಾಕಿ. ಕಣ್ಣು ಆ ಕಹಳೆಯೊಳಗೆ ಎಲ್ಲಾದರೂ ಹೋಗಬಹುದು ಎನ್ನುವುದು ಅದರ ಅರ್ಥ. ಕಹಳೆಯ ಹೊರಗಿದ್ದರೆ ಮಳೆ ಇಲ್ಲ ಅಂತಲ್ಲ. ಇದನ್ನೂ ಕೆಳಗೆ ಒಂದು ಸಾಲಿನಲ್ಲಿ ಬರೆಯಿರಿ. ಟ್ಯಾಂಪಾದಲ್ಲೇ ಎಷ್ಟೋ ಓದಿದವರು ಇದನ್ನು ತಪ್ಪು ತಿಳಿದಿದ್ದರು ಎಂದು ಮಗಳು ಹೇಳುತ್ತಾಳೆ.

ಬಾಪಟ್ಲಾ ಹೆಸರು ಸುಮ್ನೆ ಹೇಳಲಿಲ್ಲ. ಅಟ್ಲಾಸ್ ತೆಗೆದು ನೋಡಿ. ಗಂಗಾವತಿ ಹದಿನೈದೂವರೆ ಡಿಗ್ರಿ ಉತ್ತರದ ಹತ್ತಿರ ಇದೆ, ಬಾಪಟ್ಲಾ ಹದಿನಾರರ ಹತ್ತಿರ. ನಮ್ಮ ಮನೆಯಿಂದ ಪೂರ್ವಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದರೆ 400 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ ಹೆಚ್ಚು ಕಮ್ಮಿ ಅದೇ ಸಿಗುತ್ತದೆ. 2023ರ ಡಿಸೆಂಬರ್ 5ಕ್ಕೆ ಮಿಚಾಂಗ್ ಚಂಡಮಾರುತ ದಡ ಮುಟ್ಟಿದ್ದು ಅಲ್ಲೇ. ನಾವು ಬೆಳೆಯುವ ಸೋನಾಗೆ ಬಿಪಿಟಿ ಎನ್ನುತ್ತಾರಲ್ಲ, 5204, ಆ ಬಿಪಿಟಿ ಎಂದರೆ ಬಾಪಟ್ಲಾ. ತಳಿ ಹುಟ್ಟಿದ್ದು ಅಲ್ಲಿಯ ಸಂಶೋಧನಾ ಕೇಂದ್ರದಲ್ಲಿ. ಬೀಜ ಬಂದ ದಾರಿಯಲ್ಲೇ ಮಳೆಯೂ ಬರುತ್ತದೆ.

ಇದಕ್ಕೆ ಜಾಗ ಎಲ್ಲಿಂದ ತರುವುದು ಅಂತ ನೀವು ಕೇಳಬಹುದು. ದಿನಭವಿಷ್ಯದಲ್ಲಿ ಒಂದು ರಾಶಿ ಕಡಿಮೆ ಮಾಡಿದರೆ ಸಾಕು. ನನ್ನದು ಕನ್ಯಾ, ಅದನ್ನೇ ತೆಗೆಯಿರಿ.

ಮಿಲ್ಟನ್ ಹಾಳೆಯನ್ನು ದೇವರ ಮನೆಯ ಪಕ್ಕದ ಗೋಡೆಯಿಂದ ಇನ್ನೂ ತೆಗೆದಿಲ್ಲ. ಅದರ ಪಕ್ಕ ನಿನ್ನೆ ಇನ್ನೊಂದು ಹಾಳೆ ಅಂಟಿಸಿದ್ದೇನೆ. 8ರಿಂದ 22 ಡಿಗ್ರಿ ಉತ್ತರ, 76ರಿಂದ 95 ಡಿಗ್ರಿ ಪೂರ್ವ. ಎಡ ಅಂಚಿನಲ್ಲಿ ಕೆಂಪು ಚುಕ್ಕಿ ಗಂಗಾವತಿ. ಉಳಿದದ್ದು ಖಾಲಿ. ನಮ್ಮ ಗದ್ದೆಯಲ್ಲಿ ಈಗ ಕಾಳು ಹಾಲು ತುಂಬುತ್ತಿದೆ. ಕೊಯ್ಲು ನವೆಂಬರ್ ಮೂರನೇ ವಾರ. ನಿಮ್ಮ ಚೌಕಟ್ಟು ಅಷ್ಟರೊಳಗೆ ಬಂದರೆ ಅನುಕೂಲ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ
ಗಂಗಾವತಿ, ಕೊಪ್ಪಳ ಜಿಲ್ಲೆ
28 ಅಕ್ಟೋಬರ್ 2024